ನೆಟ್ ಹೋದರೂ ಹಾಲಿನ ಲೆಕ್ಕ ನಿಲ್ಲಬಾರದು: ಆಫ್‌ಲೈನ್ ಆ್ಯಪ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಒಂದು ವೆಬ್ ಆ್ಯಪ್ ಮಾಡುತ್ತಿದ್ದೇನೆ. ಹಾಲು ಅಳೆಯುವ ಕಡೆ ಒಂದು ಟ್ಯಾಬ್ಲೆಟ್, ಸೆಕ್ರೆಟರಿ ಮೇಜಿನ ಮೇಲೆ ಒಂದು ಕಂಪ್ಯೂಟರ್. ಸರ್ವರ್‌ನಲ್ಲಿ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೆಳಿಗ್ಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಹಾಲು ಹಾಕುವವರ ಸಾಲು ಮಾತ್ರ ನಿಲ್ಲುವುದಿಲ್ಲ. ಈಗ ಎಲ್ಲವನ್ನೂ ಬ್ರೌಸರ್‌ನೊಳಗಿನ ಚಿಕ್ಕ ಸಂಗ್ರಹವಾದ ಲೋಕಲ್‌ಸ್ಟೋರೇಜ್‌ನಲ್ಲಿ ಇಟ್ಟು, ನೆಟ್ ಬಂದಾಗ ಒಟ್ಟಿಗೆ ಕಳಿಸುತ್ತೇನೆ. ಎರಡು ತೊಂದರೆ. ಒಬ್ಬರದ್ದೇ ಹಾಲು ಕೆಲವು ಸಲ ಎರಡು ಬಾರಿ ಲೆಕ್ಕಕ್ಕೆ ಹತ್ತುತ್ತದೆ. ಮತ್ತೆ, ಸೆಕ್ರೆಟರಿ ತಿದ್ದಿದ ಫ್ಯಾಟ್ (ಹಾಲಿನ ಕೊಬ್ಬಿನ ಅಂಶ) ಮೇಲೆ ಟ್ಯಾಬ್ಲೆಟ್‌ನ ಹಳೇ ಫ್ಯಾಟ್ ಬಂದು ಕೂರುತ್ತದೆ. ತಾನೇ ಸಿಂಕ್ ಮಾಡುವ (ಎರಡು ಕಡೆಯ ಡೇಟಾ ಹೊಂದಿಸುವ) ಬ್ರೌಸರ್ ಡೇಟಾಬೇಸ್ ಪೌಚ್‌ಡಿಬಿ ಹಾಕಲಾ? ಬೇರೆ ಬೇರೆ ಕಡೆಯ ಬದಲಾವಣೆಗಳನ್ನು ತಾನೇ ಕೂಡಿಸುವ ಡೇಟಾ ರಚನೆ ಸಿಆರ್‌ಡಿಟಿ ಕಲಿಯಲಾ? ಐಫೋನಿನಲ್ಲೂ ಇದು ನಡೆಯುತ್ತದಾ?

ಉತ್ತರ: ಪೌಚ್‌ಡಿಬಿ ಬೇಡ, ಸಿಆರ್‌ಡಿಟಿಯೂ ಬೇಡ. ಕಾರಣ ಆಮೇಲೆ ಹೇಳುತ್ತೇನೆ. ನಿಮ್ಮ ಎರಡೂ ತೊಂದರೆಯ ಬೇರು ಒಂದೇ. ನಿಮ್ಮ ಟ್ಯಾಬ್ಲೆಟ್ ಸರ್ವರ್‌ಗೆ ‘ನನ್ನ ಹತ್ತಿರ ಈಗ ಇರುವ ಲೆಕ್ಕ ಇದು, ಹೀಗೇ ಇಟ್ಟುಕೋ’ ಎನ್ನುತ್ತಿದೆ. ಅದು ಹೇಳಬೇಕಾದ್ದು ‘ಇಲ್ಲಿ ಇಂಥದ್ದು ನಡೆಯಿತು’ ಎಂದಷ್ಟೇ. ಇದೊಂದನ್ನು ಬದಲಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲು ಭಾಗ ಬ್ರೌಸರ್‌ಗಳ ಚಿಲ್ಲರೆ ಕಿರಿಕಿರಿ. ಅದೂ ಏನು ಕಡಿಮೆಯಿಲ್ಲ.

ಮೊದಲು ಎರಡು ಬಾರಿ ಹತ್ತುವ ವಿಷಯ. ಟ್ಯಾಬ್ಲೆಟ್ ಒಂದು ಎಂಟ್ರಿ ಕಳಿಸುತ್ತದೆ. ಸರ್ವರ್ ಅದನ್ನು ಬರೆದುಕೊಂಡು ‘ಸಿಕ್ಕಿತು’ ಎಂದು ಉತ್ತರ ಕೊಡುತ್ತದೆ. ಆ ಉತ್ತರ ದಾರಿಯಲ್ಲಿರುವಾಗ ಟವರ್ ಹೋಗುತ್ತದೆ. ಈಗ ಟ್ಯಾಬ್ಲೆಟ್‌ಗೆ ಗೊತ್ತಿರುವುದು ಇಷ್ಟೇ: ಉತ್ತರ ಬರಲಿಲ್ಲ. ಎಂಟ್ರಿ ತಲುಪಲೇ ಇಲ್ಲವೋ, ತಲುಪಿ ಉತ್ತರ ಮಾತ್ರ ಕಳೆದುಹೋಯಿತೋ, ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಕಳಿಸದೆ ಬಿಟ್ಟರೆ ಒಬ್ಬರ ಹಾಲು ಲೆಕ್ಕಕ್ಕೆ ಬಾರದೆ ಹೋಗಬಹುದು. ಮತ್ತೆ ಕಳಿಸಿದರೆ ಎರಡಾಗಬಹುದು. ನೆಟ್‌ವರ್ಕ್ ಎಷ್ಟೇ ಚೆನ್ನಾಗಿದ್ದರೂ ಈ ಇಕ್ಕಟ್ಟು ತಪ್ಪುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಕಳಿಸುವುದನ್ನೇ ಆರಿಸಿಕೊಳ್ಳಿ. ಎರಡನೇ ಸಲ ಬಂದದ್ದರಿಂದ ಏನೂ ಕೆಡದ ಹಾಗೆ ಸರ್ವರ್ ಅನ್ನು ಕಟ್ಟಿ.

ನಿಮ್ಮ ಟೇಬಲ್‌ನಲ್ಲಿ ಐಡಿಯನ್ನು ಈಗ ಪೋಸ್ಟ್‌ಗ್ರೆಸ್ ತಾನೇ ಕೊಡುತ್ತಿರಬೇಕು, ಒಂದು, ಎರಡು, ಮೂರು ಅಂತ. ಅದನ್ನು ನಿಲ್ಲಿಸಿ. ಐಡಿ ಟ್ಯಾಬ್ಲೆಟ್‌ನಲ್ಲೇ ಹುಟ್ಟಬೇಕು. ಬ್ರೌಸರ್‌ನಲ್ಲಿರುವ ‘ಕ್ರಿಪ್ಟೊ.ರ‍್ಯಾಂಡಮ್‌ಯುಯುಐಡಿ’ ಸಾಕು. ಅದು ಕೊಡುವ ಐಡಿಯಲ್ಲಿ 122 ಬಿಟ್ ಯಾದೃಚ್ಛಿಕ. ಎರಡು ಯಂತ್ರಗಳಲ್ಲಿ ಒಂದೇ ಐಡಿ ಬಂದೀತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸರ್ವರ್‌ನಲ್ಲಿ ಅದೇ ಪ್ರೈಮರಿ ಕೀ, ಅಂದರೆ ಸಾಲನ್ನು ಗುರುತಿಸುವ, ಎರಡು ಸಲ ಬರಲಾಗದ ಗುರುತು. ಸಾಲು ಸೇರಿಸುವ ‘ಇನ್ಸರ್ಟ್’ ಜೊತೆಗೆ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ (ಐಡಿ ಮೊದಲೇ ಇದ್ದರೆ ಏನೂ ಮಾಡಬೇಡ) ಸೇರಿಸಿ. ಪೋಸ್ಟ್‌ಗ್ರೆಸ್ 9.5ರಿಂದ, ಅಂದರೆ 2016ರಿಂದ ಇದು ಇದೆ. ಮುಖ್ಯವಾದದ್ದು ಆಮೇಲಿನ ಉತ್ತರ. ಆ ಐಡಿ ಮೊದಲೇ ಇದ್ದರೆ ಸರ್ವರ್ ದೋಷ ಎಂದು ಬೈಯಬಾರದು. ಮೊದಲ ಸಲ ಹೇಳಿದ ಹಾಗೇ ‘ಸಿಕ್ಕಿತು’ ಎನ್ನಬೇಕು. ಇಲ್ಲದಿದ್ದರೆ ಟ್ಯಾಬ್ಲೆಟ್ ಅದೇ ಎಂಟ್ರಿಯನ್ನು ಸಂಜೆವರೆಗೂ ಕಳಿಸುತ್ತಲೇ ಇರುತ್ತದೆ.

ಐಡಿ ಯಾವಾಗ ಹುಟ್ಟಬೇಕು ಎಂಬಲ್ಲೂ ಜಾಣತನ ಬೇಕು. ಕಳಿಸುವಾಗ ಅಲ್ಲ, ‘ಸೇವ್’ ಒತ್ತಿದಾಗಲೂ ಅಲ್ಲ. ಖಾಲಿ ಫಾರಂ ತೆರೆದಾಗಲೇ ಹುಟ್ಟಿರಬೇಕು. ಕೈ ಒದ್ದೆಯಿರುತ್ತದೆ, ಎದುರಿಗೆ ಸಾಲು ನಿಂತಿರುತ್ತದೆ, ಹಾಲು ಪರೀಕ್ಷಿಸುವ ಟೆಸ್ಟರ್ ಬಟನ್ನನ್ನು ಎರಡು ಸಲ ಒತ್ತಿಯೇ ಒತ್ತುತ್ತಾರೆ. ಫಾರಂಗೇ ಐಡಿ ಅಂಟಿದ್ದರೆ ಎಷ್ಟು ಒತ್ತಿದರೂ ಅದು ಒಂದೇ ಎಂಟ್ರಿ.

‘ಸದಸ್ಯರ ನಂಬರ್, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಈ ಮೂರನ್ನೂ ಸೇರಿಸಿ ಕೀ ಮಾಡಿದರೆ ಆಗಲ್ವಾ?’ ಎಂದು ಕೇಳಬಹುದು. ಆಗುವುದಿಲ್ಲ. ಒಬ್ಬರೇ ಹಸುವಿನ ಹಾಲು ಒಂದು ಕ್ಯಾನ್, ಎಮ್ಮೆ ಹಾಲು ಇನ್ನೊಂದು ಕ್ಯಾನ್ ತರುತ್ತಾರೆ. ಮೊದಲು ಮೂರು ಲೀಟರ್ ಹಾಕಿ ಹೋದವರು ಅರ್ಧ ಗಂಟೆ ಬಿಟ್ಟು ಇನ್ನೊಂದು ಲೀಟರ್ ತರುವುದೂ ಉಂಟು. ಎರಡನೆಯದನ್ನು ನಿಮ್ಮ ಡೇಟಾಬೇಸ್ ಸದ್ದಿಲ್ಲದೆ ನುಂಗಿಬಿಡುತ್ತದೆ. ಒಂದೇ ಥರ ಕಾಣುವ ಎರಡು ಎಂಟ್ರಿ ಇದ್ದರೆ ಪರದೆ ಮೇಲೆ ಎಚ್ಚರಿಸಿ, ತಡೆಯಬೇಡಿ.

ಇನ್ನು ಲೋಕಲ್‌ಸ್ಟೋರೇಜ್. ಅದರ ಮಿತಿ ಸುಮಾರು 5 ಎಂಬಿ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ನೀವು ಇಡೀ ಪಟ್ಟಿಯನ್ನು ಓದಿ, ಒಂದು ಸಾಲು ಸೇರಿಸಿ, ಇಡೀ ಪಟ್ಟಿಯನ್ನು ವಾಪಸ್ ಬರೆಯುತ್ತಿದ್ದೀರಿ. ಎರಡು ಟ್ಯಾಬ್ ತೆರೆದಿದ್ದರೆ ಒಂದರ ಪಟ್ಟಿ ಇನ್ನೊಂದರ ಪಟ್ಟಿಯನ್ನು ಅಳಿಸುತ್ತದೆ. ಪುಟದ ಹಿಂದೆ ಬೇರೆಯಾಗಿ ಓಡುವ ಸ್ಕ್ರಿಪ್ಟ್ ಆದ ಸರ್ವಿಸ್ ವರ್ಕರ್‌ಗಂತೂ ಲೋಕಲ್‌ಸ್ಟೋರೇಜ್ ಕಾಣಿಸುವುದೇ ಇಲ್ಲ. ಬ್ರೌಸರ್‌ನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಗೆ ಹೋಗಿ. ಈ ಕೆಲಸಕ್ಕೆ ಅದೇ ಸರಿಯಾದ ದಾರಿ. ವೆಬ್ ಎಸ್‌ಕ್ಯೂಎಲ್ ಎಂದೊಂದಿತ್ತು. ಬ್ರೌಸರ್ ತಯಾರಕರೆಲ್ಲರೂ ಒಳಗೆ ಎಸ್‌ಕ್ಯೂಲೈಟ್ ಎಂಬ ಒಂದೇ ಡೇಟಾಬೇಸನ್ನು ಇಟ್ಟುಕೊಂಡಿದ್ದಾರೆ, ಸ್ವತಂತ್ರವಾಗಿ ಇನ್ನೊಬ್ಬರು ಕಟ್ಟಿದ್ದಿಲ್ಲ ಎಂದು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಅದನ್ನು 2010ರಲ್ಲೇ ಕೈಬಿಟ್ಟಿತು. ಇಂಡೆಕ್ಸ್ಡ್‌ಡಿಬಿಯನ್ನು ನೇರವಾಗಿ ಬರೆಯುವುದು ಶಿಕ್ಷೆ. ಡೆಕ್ಸಿಯಂಥ ತೆಳುವಾದ ಲೈಬ್ರರಿ ಇಟ್ಟುಕೊಳ್ಳಿ, ತಪ್ಪೇನಿಲ್ಲ.

ಅದರಲ್ಲಿ ಎರಡು ಸ್ಟೋರ್ ಮಾಡಿ. ಒಂದು ಎಂಟ್ರಿಗಳಿಗೆ. ಇನ್ನೊಂದು ಔಟ್‌ಬಾಕ್ಸ್, ಅಂದರೆ ಇನ್ನೂ ಕಳಿಸಬೇಕಾದವುಗಳಿಗೆ. ಎರಡಕ್ಕೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ ಆಗುವ, ಇಲ್ಲವಾದರೆ ಏನೂ ಆಗದ ಒಂದು ಕಟ್ಟಿನಲ್ಲಿ) ಬರೆಯಬೇಕು. ಬೇರೆ ಬೇರೆ ಬರೆದರೆ ನಡುವೆ ಟ್ಯಾಬ್ ಸತ್ತಾಗ ಎಂಟ್ರಿ ಪರದೆ ಮೇಲೆ ಕಾಣುತ್ತದೆ, ಸರ್ವರ್‌ಗೆ ಮಾತ್ರ ಎಂದೂ ಹೋಗುವುದಿಲ್ಲ. ಈ ಥರದ ತಪ್ಪು ಬಟವಾಡೆ ದಿನದವರೆಗೂ ಗೊತ್ತಾಗುವುದಿಲ್ಲ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಇಂಡೆಕ್ಸ್ಡ್‌ಡಿಬಿ ಟ್ರಾನ್ಸಾಕ್ಷನ್ ನಡುವೆ ಸರ್ವರ್ ಜೊತೆ ಮಾತಾಡುವ ‘ಫೆಚ್’ಗೆ ಕಾಯುತ್ತಾ ಕೂತರೆ ಅದು ನಿಮಗಾಗಿ ಕಾಯುವುದಿಲ್ಲ. ತಾನೇ ಮುಚ್ಚಿಕೊಳ್ಳುತ್ತದೆ, ಮುಂದಿನ ಬರಹ ದೋಷ ಕೊಡುತ್ತದೆ. ಓದಿ ಮುಗಿಸಿ, ಕಳಿಸಿ, ಉತ್ತರ ಬಂದ ಮೇಲೆ ಹೊಸ ಟ್ರಾನ್ಸಾಕ್ಷನ್ ತೆರೆಯಿರಿ. ಎರಡನೆಯದು, ಬರೆಯುವ ಆಜ್ಞೆ ‘ಪುಟ್’ ಯಶಸ್ವಿ ಎಂಬ ಸೂಚನೆ ಬಂದ ಕೂಡಲೇ ಚೀಟಿ ಪ್ರಿಂಟ್ ಮಾಡಬೇಡಿ. ಇಡೀ ಟ್ರಾನ್ಸಾಕ್ಷನ್‌ನ ‘ಕಂಪ್ಲೀಟ್’ ಬರುವವರೆಗೂ ಕಾಯಿರಿ. ಅಷ್ಟೂ ಸಾಲದು. ಬ್ರೌಸರ್‌ಗಳು ಡಿಫಾಲ್ಟಾಗಿ ‘ರಿಲ್ಯಾಕ್ಸ್ಡ್’ ಎಂಬ ರೀತಿಯಲ್ಲಿ ಬರೆಯುತ್ತವೆ. ಅಂದರೆ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಿದ ಕೂಡಲೇ ಮುಗಿಯಿತು ಎನ್ನುತ್ತವೆ, ಡಿಸ್ಕ್‌ಗೆ ಇಳಿದಿರುವ ಖಾತ್ರಿ ಇಲ್ಲ. ಕರೆಂಟ್ ಹೋಗುವ ಊರಿಗೆ ಇದು ಸರಿಹೊಂದುವುದಿಲ್ಲ. ಟ್ರಾನ್ಸಾಕ್ಷನ್ ತೆರೆಯುವಾಗ ‘ಡ್ಯುರಬಿಲಿಟಿ’ಗೆ ‘ಸ್ಟ್ರಿಕ್ಟ್’ ಎಂದು ಕೊಡಿ. ಸ್ವಲ್ಪ ನಿಧಾನ. ಆದರೆ ಒಬ್ಬರ ಹಾಲು ಅಳೆಯಲು ಹಿಡಿಯುವ ಹೊತ್ತಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಈಗ ಎರಡನೇ ತೊಂದರೆ, ತಿದ್ದಿದ್ದರ ಮೇಲೆ ಹಳೆಯದು ಬಂದು ಕೂರುವುದು. ಸಂಘದ ಹಳೇ ಖಾತೆ ಪುಸ್ತಕವನ್ನು ನೋಡಿ. ಅದರಲ್ಲಿ ಬರೆದದ್ದನ್ನು ಉಜ್ಜಿ ಅಳಿಸುವ ಹಾಗಿಲ್ಲ. ತಪ್ಪಿದ್ದರೆ ಹೊಡೆದು ಹಾಕಿ, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ ಮಾಡುತ್ತಾರೆ. ನಿಮ್ಮ ಡೇಟಾಬೇಸೂ ಹಾಗೇ ಇರಲಿ. ಎಂಟ್ರಿ ಒಮ್ಮೆ ಬರೆದ ಮೇಲೆ ಬದಲಾಗುವುದಿಲ್ಲ. ತಿದ್ದುಪಡಿ ಎಂಬುದು ತನ್ನದೇ ಐಡಿ ಇರುವ ಇನ್ನೊಂದು ಎಂಟ್ರಿ. ಅದರಲ್ಲಿ ಇರಬೇಕಾದ್ದು ಇಷ್ಟು: ಯಾವ ಎಂಟ್ರಿಯನ್ನು ತಿದ್ದುತ್ತಿದ್ದೇವೆ, ಫ್ಯಾಟ್ 3.6 ಇದ್ದದ್ದು 4.1 ಆಗಬೇಕು, ತಿದ್ದಿದವರು ಸೆಕ್ರೆಟರಿ, ಕಾರಣ ‘ಸ್ಯಾಂಪಲ್ ಬಾಟಲಿ ಅದಲುಬದಲು’.

ಈಗ ಏನಾಗುತ್ತದೆ ನೋಡಿ. ಟ್ಯಾಬ್ಲೆಟ್ ತನ್ನ ಹಳೇ ಎಂಟ್ರಿಯನ್ನು ಹತ್ತು ಸಲ ಕಳಿಸಲಿ. ಆ ಐಡಿ ಸರ್ವರ್‌ನಲ್ಲಿ ಮೊದಲೇ ಇದೆ, ಏನೂ ಆಗುವುದಿಲ್ಲ. ಸೆಕ್ರೆಟರಿಯ ತಿದ್ದುಪಡಿ ಬೇರೆ ಸಾಲು, ಅದನ್ನು ಮುಟ್ಟುವವರೇ ಇಲ್ಲ. ಈಗಿನ ಫ್ಯಾಟ್ ಎಷ್ಟು ಎಂಬುದನ್ನು ಒಂದು ‘ವ್ಯೂ’ (ಡೇಟಾಬೇಸ್‌ನಲ್ಲಿ ಉಳಿಸಿಟ್ಟ ಪ್ರಶ್ನೆ) ಲೆಕ್ಕ ಹಾಕಿ ಕೊಡುತ್ತದೆ: ಮೂಲ ಎಂಟ್ರಿ, ಅದರ ಮೇಲೆ ಸರ್ವರ್‌ಗೆ ಕೊನೆಗೆ ಬಂದ ತಿದ್ದುಪಡಿ. ನಿಮ್ಮ ಎರಡನೇ ತೊಂದರೆ ಇಲ್ಲಿಗೆ ಮುಗಿಯಿತು. ಜೊತೆಗೆ ‘ನನ್ನ ಫ್ಯಾಟ್ ಯಾರು ಬದಲಿಸಿದರು?’ ಎಂದು ಯಾರಾದರೂ ಜಗಳಕ್ಕೆ ಬಂದರೆ ತೋರಿಸಲು ಚರಿತ್ರೆಯೂ ಸಿಕ್ಕಿತು.

ಅಳಿಸುವುದೂ ಹೀಗೇ. ಸಾಲನ್ನು ‘ಡಿಲೀಟ್’ ಮಾಡಬೇಡಿ, ‘ರದ್ದು’ ಎಂಬ ಎಂಟ್ರಿ ಸೇರಿಸಿ. ನಿಜವಾಗಿ ಅಳಿಸಿದರೆ, ಆಗ ನೆಟ್ ಇಲ್ಲದ ಯಂತ್ರಕ್ಕೆ ಅದು ಅಳಿಸಿಹೋದ ಸುದ್ದಿಯೇ ತಲುಪುವುದಿಲ್ಲ. ಆಮೇಲೆ ಅದೇ ಯಂತ್ರ ಆ ಸಾಲನ್ನು ವಾಪಸ್ ಕಳಿಸಿ ಜೀವ ಕೊಡುತ್ತದೆ.

ಟೆಸ್ಟರೂ ಸೆಕ್ರೆಟರಿಯೂ ಒಂದೇ ಎಂಟ್ರಿಯನ್ನು ತಿದ್ದಿದರೆ? ಇದಕ್ಕೆ ಅಲ್ಗಾರಿದಮ್ ಹುಡುಕುವ ಮೊದಲು ಸಂಘದಲ್ಲೇ ಒಂದು ನಿಯಮ ಕೇಳಿ. ಉದಾಹರಣೆಗೆ, ಬೆಳಗಿನ ಹಾಲು ಮುಗಿದು ಲೆಕ್ಕ ಮುಚ್ಚುವವರೆಗೆ ಟ್ಯಾಬ್ಲೆಟ್‌ನಲ್ಲಿ ತಿದ್ದಬಹುದು. ಮುಚ್ಚಿದ ಮೇಲೆ ಸೆಕ್ರೆಟರಿ ಮಾತ್ರ. ಬಟವಾಡೆ ಆದ ಮೇಲೆ ಯಾರೂ ಇಲ್ಲ, ವ್ಯತ್ಯಾಸವನ್ನು ಮುಂದಿನ ಬಟವಾಡೆಗೆ ಸೇರಿಸುವುದು. ಈ ನಿಯಮವನ್ನು ಸರ್ವರ್ ಕಡ್ಡಾಯವಾಗಿ ನೋಡಲಿ. ಇಂಥ ಒಂದು ಮಾತು ಉಳಿಸುವಷ್ಟು ತಲೆನೋವನ್ನು ಯಾವ ಲೈಬ್ರರಿಯೂ ಉಳಿಸುವುದಿಲ್ಲ.

ಸಿಆರ್‌ಡಿಟಿ ಬೇಡ ಎಂದದ್ದು ಇದಕ್ಕೇ. 2011ರಲ್ಲಿ ಸಂಶೋಧಕ ಮಾರ್ಕ್ ಶಪೀರೊ ಮತ್ತು ಅವರ ಸಂಗಡಿಗರು ಆ ಹೆಸರಿನಿಂದ ಅದನ್ನು ಮುಂದಿಟ್ಟರು. ಅದ್ಭುತ ವಿಚಾರ, ಅನುಮಾನವಿಲ್ಲ. ನಾಲ್ಕು ಜನ ಒಟ್ಟಿಗೆ ಒಂದು ಬರಹ ತಿದ್ದುವ ಆ್ಯಪ್ ಆದರೆ ವೈ-ಜೆಎಸ್ ಅಥವಾ ಆಟೊಮರ್ಜ್ ಎಂಬ ಲೈಬ್ರರಿ ನೋಡಿ ಎಂದು ನಾನೇ ಹೇಳುತ್ತಿದ್ದೆ. ಆದರೆ ಅದು ಕೊಡುವ ಭರವಸೆ ಏನು? ಎಲ್ಲ ಯಂತ್ರಗಳೂ ಕೊನೆಗೆ ಒಂದೇ ಸ್ಥಿತಿಗೆ ಬರುತ್ತವೆ ಎಂದು. ಆ ಸ್ಥಿತಿ ಸರಿಯಾಗಿದೆ ಎಂದಲ್ಲ. 3.6 ಮತ್ತು 4.1ರ ನಡುವೆ ಯಾವುದು ನಿಜ ಎಂದು ಗಣಿತ ಹೇಳುವುದಿಲ್ಲ, ಸ್ಯಾಂಪಲ್ ನೋಡಿದವರು ಹೇಳಬೇಕು. ಅಂದಹಾಗೆ, ಐಡಿ ಇಟ್ಟುಕೊಂಡು ಬರೀ ಸೇರಿಸುತ್ತಾ ಹೋಗುವ ನಿಮ್ಮ ಪಟ್ಟಿಯೇ ಸಿಆರ್‌ಡಿಟಿಯ ತೀರಾ ಸರಳ ರೂಪ. ಗೊತ್ತಿಲ್ಲದೆಯೇ ಕಲಿತಾಯಿತು.

ಪೌಚ್‌ಡಿಬಿ ಪ್ರಾಮಾಣಿಕ ಸಾಧನ. ಎರಡು ಕಡೆ ತಿದ್ದಿದಾಗ ಎರಡೂ ಆವೃತ್ತಿಯನ್ನು ಉಳಿಸಿಕೊಂಡು, ಎಲ್ಲ ಯಂತ್ರಗಳಲ್ಲೂ ಒಂದೇ ಗೆಲ್ಲುವಂತೆ ನೋಡಿಕೊಳ್ಳುತ್ತದೆ. ಆದರೆ ಆ ಕಡೆ ಕೌಚ್‌ಡಿಬಿ ಎಂಬ ಸರ್ವರ್ ಡೇಟಾಬೇಸ್ ಅಥವಾ ಅದರ ಭಾಷೆ ಆಡುವ ಸರ್ವರ್ ಬೇಕು. ನಿಮ್ಮದು ಪೋಸ್ಟ್‌ಗ್ರೆಸ್. ನಡುವೆ ಸೇತುವೆ ಕಟ್ಟುವ ಶ್ರಮದಲ್ಲಿ ಇಡೀ ಸಿಂಕನ್ನೇ ಬರೆದು ಮುಗಿಸಬಹುದು.

ಸಮಯದ ಬಗ್ಗೆ ಎಚ್ಚರ. ಟ್ಯಾಬ್ಲೆಟ್‌ನ ಗಡಿಯಾರವನ್ನು ನಂಬಿ ‘ಕೊನೆಗೆ ಬರೆದವರು ಗೆದ್ದರು’ ಎಂದು ತೀರ್ಮಾನಿಸಬೇಡಿ. ಬೇರೆ ಬೇರೆ ಯಂತ್ರಗಳ ಗಡಿಯಾರದಿಂದ ಹಿಂದುಮುಂದು ಹೇಳಲಾಗದು ಎಂಬುದನ್ನು ಗಣಕ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಎರಡು ಸಮಯ ಬರೆದಿಡಿ. ಟ್ಯಾಬ್ಲೆಟ್ ಹೇಳಿದ್ದು ಒಂದು, ಸರ್ವರ್‌ಗೆ ತಲುಪಿದ್ದು ಒಂದು. ತಾರೀಕು, ಬೆಳಿಗ್ಗೆ-ಸಂಜೆ ಎಂಬುದನ್ನು ಪರದೆ ಮೇಲೆ ದೊಡ್ಡದಾಗಿ ತೋರಿಸಿ, ಟೆಸ್ಟರ್ ಒಪ್ಪಿದ ಮೇಲೆಯೇ ಹಾಲು ಶುರುವಾಗಲಿ.

ಇನ್ನೊಂದು ಗುಂಡಿ ನಮ್ಮ ದೇಶದ್ದೇ. ಸಮಯವನ್ನು ಅಕ್ಷರಗಳಲ್ಲಿ ಕೊಡುವ ಜಾವಾಸ್ಕ್ರಿಪ್ಟ್‌ನ ‘ಟು-ಐಎಸ್‌ಒ-ಸ್ಟ್ರಿಂಗ್’ ತೆಗೆದುಕೊಂಡು ಮೊದಲ ಹತ್ತು ಅಕ್ಷರ ಕತ್ತರಿಸಿ ತಾರೀಕು ಮಾಡುವವರು ಬಹಳ. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5:20ಕ್ಕೆ ಬಂದ ಹಾಲು ನಿನ್ನೆಯ ತಾರೀಕಿಗೆ ಸೇರುತ್ತದೆ. 5:30 ದಾಟಿದ ಮೇಲೆ ಎಲ್ಲ ಸರಿ. ಮೊದಲು ಬಂದ ನಾಲ್ಕು ಜನರ ಲೆಕ್ಕ ಮಾತ್ರ ಯಾಕೆ ತಪ್ಪುತ್ತದೆ ಎಂದು ವಾರಗಟ್ಟಲೆ ಹುಡುಕುತ್ತೀರಿ.

ಇಷ್ಟು ಹೊತ್ತು ಟ್ಯಾಬ್ಲೆಟ್‌ನಿಂದ ಸರ್ವರ್‌ಗೆ ಹೋಗುವ ದಾರಿ ನೋಡಿದೆವು. ವಾಪಸ್ ಬರುವ ದಾರಿಯಲ್ಲಿ ದರಪಟ್ಟಿ, ಹೊಸ ಸದಸ್ಯರು, ಸೆಕ್ರೆಟರಿಯ ತಿದ್ದುಪಡಿಗಳು ಇರುತ್ತವೆ. ಪ್ರತಿ ಬದಲಾವಣೆಗೂ ಸರ್ವರ್ ಒಂದು ಏರುವ ನಂಬರ್ ಕೊಡಲಿ. ಟ್ಯಾಬ್ಲೆಟ್ ‘ನನ್ನ ಹತ್ತಿರ 100ರವರೆಗೆ ಇದೆ, ಮುಂದಿನದು ಕೊಡು’ ಎನ್ನಲಿ. ಕೇಳಲು ಸುಲಭ. ಆದರೆ ಆ ನಂಬರನ್ನು ಪೋಸ್ಟ್‌ಗ್ರೆಸ್ ತಾನೇ ನಂಬರ್ ಎಣಿಸಿಕೊಡುವ ಸೀಕ್ವೆನ್ಸ್‌ನಿಂದ ತೆಗೆದುಕೊಂಡರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ. ಒಂದು ಟ್ರಾನ್ಸಾಕ್ಷನ್ 101 ತೆಗೆದುಕೊಂಡಿತು, ಇನ್ನೊಂದು 102. ಎರಡನೆಯದು ಮೊದಲು ಕಮಿಟ್ ಆಯಿತು, ಅಂದರೆ ಖಾಯಂ ಆಯಿತು. ಅದೇ ಹೊತ್ತಿಗೆ ಟ್ಯಾಬ್ಲೆಟ್ ಕೇಳಿತು, 102 ಸಿಕ್ಕಿತು, ‘102ರವರೆಗೆ ಇದೆ’ ಎಂದು ಬರೆದುಕೊಂಡಿತು. ಆಮೇಲೆ 101 ಕಮಿಟ್ ಆಯಿತು. ಟ್ಯಾಬ್ಲೆಟ್ ಅದನ್ನು ಇನ್ನೆಂದೂ ಕೇಳುವುದಿಲ್ಲ. ‘ಅಪ್‌ಡೇಟೆಡ್ ಅಟ್’ ಎಂಬ ಸಮಯದ ಕಾಲಂ ಇಟ್ಟುಕೊಂಡರೂ ಇದೇ ಗತಿ.

ನಿಮ್ಮ ಅಳತೆಗೆ ಪರಿಹಾರ ಸರಳ. ಸಂಘಕ್ಕೊಂದು ಸಾಲಿರುವ ಚಿಕ್ಕ ಟೇಬಲ್ ಮಾಡಿ, ಅದರಲ್ಲಿ ಒಂದು ಎಣಿಕೆ. ಬದಲಾವಣೆ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಆ ಸಾಲನ್ನು ‘ಅಪ್‌ಡೇಟ್’ ಮಾಡಿ ಒಂದು ಹೆಚ್ಚಿಸಿ, ಬಂದ ನಂಬರನ್ನೇ ಬಳಸಿ. ಆ ಸಾಲಿಗೆ ಬೀಗ ಬೀಳುವುದರಿಂದ ಒಬ್ಬರ ಕಮಿಟ್ ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ನಂಬರಿನ ಕ್ರಮವೂ ಕಮಿಟ್ ಕ್ರಮವೂ ಒಂದೇ ಆಗುತ್ತದೆ. ದೊಡ್ಡ ಕಂಪನಿಗೆ ಇದು ನಿಧಾನ ಎನಿಸಬಹುದು. ಒಂದು ಹಳ್ಳಿಯ ಸಂಘಕ್ಕೆ ಧಾರಾಳವಾಯಿತು. ಟ್ಯಾಬ್ಲೆಟ್ ಕಡೆಯೂ ಅಷ್ಟೇ, ಬಂದ ಡೇಟಾ ಮತ್ತು ‘ಇಲ್ಲಿಯವರೆಗೆ ಇದೆ’ ಎಂಬ ನಂಬರ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ.

ದರಪಟ್ಟಿಗೆ ಆವೃತ್ತಿ ನಂಬರ್ ಇರಲಿ, ಪ್ರತಿ ಎಂಟ್ರಿಯೂ ತಾನು ಯಾವ ಆವೃತ್ತಿ ನೋಡಿದೆ ಎಂದು ಹೇಳಲಿ. ನೆಟ್ ಇಲ್ಲದಾಗ ದರ ಬದಲಾಗಿದ್ದರೆ ಯಾರ ಚೀಟಿಯಲ್ಲಿ ಹಳೇ ದರ ಹೋಗಿದೆ ಎಂದು ಆಮೇಲೆ ಪಟ್ಟಿ ತೆಗೆಯಬಹುದು. 4.1 ಫ್ಯಾಟನ್ನು 41 ಎಂದೂ, ಹಣವನ್ನು ಪೈಸೆಯಲ್ಲೂ ಪೂರ್ಣಾಂಕವಾಗಿಯೇ ಇಡಿ. ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ: ಅದು ಸರಿಯಾಗಿ 0.3 ಆಗುವುದಿಲ್ಲ.

ಸಿಂಕ್ ಯಾವಾಗ ಓಡಬೇಕು? ಬ್ರೌಸರ್‌ನ ‘ನ್ಯಾವಿಗೇಟರ್.ಆನ್‌ಲೈನ್’ ಹೇಳುವುದು ಯಾವುದೋ ನೆಟ್‌ವರ್ಕ್‌ಗೆ ಜೋಡಣೆ ಇದೆ ಎಂದು ಮಾತ್ರ. ಸರ್ವರ್ ಸಿಗುತ್ತದೆ ಎಂದಲ್ಲ. ವೈಫೈ ಇದೆ, ಹಿಂದಿನ ಲೈನ್ ಸತ್ತಿದೆ ಎಂದರೂ ಅದು ‘ಹೌದು’ ಎನ್ನುತ್ತದೆ. ಅದನ್ನು ಸುಳಿವಾಗಿ ಮಾತ್ರ ಇಟ್ಟುಕೊಂಡು ಕಳಿಸಿ ನೋಡುವುದೇ ನಿಜವಾದ ಪರೀಕ್ಷೆ. ನೆಟ್ ಬಂದಾಗ ಬ್ರೌಸರೇ ಹಿಂದಿನಿಂದ ಕಳಿಸಿಕೊಡುವ ಬ್ಯಾಕ್‌ಗ್ರೌಂಡ್ ಸಿಂಕ್ ಎಂಬುದು ಕ್ರೋಮ್ ಬಳಗದಲ್ಲಿದೆ, ಸಫಾರಿ ಮತ್ತು ಫೈರ್‌ಫಾಕ್ಸ್‌ನಲ್ಲಿ ಇಲ್ಲ. ಆದ್ದರಿಂದ ಆ್ಯಪ್ ತೆರೆದಾಗ, ಹೊಸ ಎಂಟ್ರಿ ಬಂದಾಗ, ಟ್ಯಾಬ್ ಮತ್ತೆ ಮುಂದೆ ಬಂದಾಗ, ನಡುನಡುವೆ ಟೈಮರ್‌ನಿಂದ ಪ್ರಯತ್ನಿಸಿ. ಸೋತರೆ ಕಾಯುವ ಹೊತ್ತನ್ನು ಹೆಚ್ಚಿಸುತ್ತಾ ಹೋಗಿ. ಎರಡು ಟ್ಯಾಬ್ ಒಟ್ಟಿಗೆ ಕಳಿಸದಂತೆ ವೆಬ್ ಲಾಕ್ಸ್ ಎಂಬ ಬ್ರೌಸರ್ ಬೀಗ ಬಳಸಿ. ಒಂದು ಸಲಕ್ಕೆ 50 ಎಂಟ್ರಿ ಸಾಕು, ಸೋತರೂ ನಷ್ಟ ಕಡಿಮೆ.

ಬಂದ ಉತ್ತರವನ್ನೂ ಸುಮ್ನೆ ನಂಬಬೇಡಿ. ಕೆಲವು ವೈಫೈಗಳು ಲಾಗಿನ್ ಪುಟವನ್ನೇ 200 (‘ಎಲ್ಲ ಸರಿ’) ಎಂಬ ಕೋಡ್‌ನಲ್ಲಿ ಕೊಡುತ್ತವೆ. ಅದನ್ನು ನೋಡಿ ಔಟ್‌ಬಾಕ್ಸ್ ಖಾಲಿ ಮಾಡಿದರೆ ಕಥೆ ಮುಗಿಯಿತು. ಸರ್ವರ್ ಯಾವ ಯಾವ ಐಡಿ ಸಿಕ್ಕಿದೆ ಎಂದು ಹೆಸರಿಸಿ ಹೇಳಬೇಕು, ಅಷ್ಟನ್ನೇ ತೆಗೆಯಬೇಕು. 401 (ಲಾಗಿನ್ ಬೇಕು ಎಂಬ ಕೋಡ್) ಬಂದರೆ ಮತ್ತೆ ಲಾಗಿನ್ ಕೇಳಿ, ಔಟ್‌ಬಾಕ್ಸ್ ಮುಟ್ಟಬೇಡಿ. ಒಂದು ಎಂಟ್ರಿಯನ್ನು ಸರ್ವರ್ ಖಂಡಿತ ಒಪ್ಪುವುದಿಲ್ಲ ಎಂದಾದರೆ ಅದನ್ನು ಪಕ್ಕಕ್ಕಿಟ್ಟು ಸೆಕ್ರೆಟರಿಗೆ ತೋರಿಸಿ. ಇಲ್ಲದಿದ್ದರೆ ಅದೊಂದು ಅಡ್ಡ ನಿಂತು ಹಿಂದಿನವೆಲ್ಲ ಕಾಯುತ್ತವೆ. ‘ಇನ್ನೂ ಕಳಿಸಬೇಕಾದ್ದು: 14’ ಎಂಬ ಸಂಖ್ಯೆ ಪರದೆ ಮೇಲೆ ಯಾವಾಗಲೂ ಕಾಣಲಿ. ತಿರುಗುವ ಚಕ್ರಕ್ಕಿಂತ ಜನ ಇದನ್ನು ಜಾಸ್ತಿ ನಂಬುತ್ತಾರೆ.

ಸರ್ವಿಸ್ ವರ್ಕರ್‌ಗೆ ಕಡಿಮೆ ಕೆಲಸ ಕೊಡಿ. ಪುಟ, ಸ್ಕ್ರಿಪ್ಟ್, ಅಕ್ಷರ ಫಾಂಟ್ ಇವುಗಳನ್ನು ಕ್ಯಾಶ್ ಮಾಡಲಿ (ಉಳಿಸಿಟ್ಟುಕೊಳ್ಳಲಿ), ಎಪಿಐ ಉತ್ತರಗಳನ್ನು, ಅಂದರೆ ಸರ್ವರ್ ಕೊಡುವ ಡೇಟಾವನ್ನು, ಬೇಡ. ಎಚ್‌ಟಿಟಿಪಿಎಸ್ ಇಲ್ಲದೆ ಅದು ಓಡುವುದಿಲ್ಲ, ನಿಮ್ಮದೇ ಯಂತ್ರದ ವಿಳಾಸವಾದ ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ. ಹೊಸ ಆವೃತ್ತಿ ಬಿಟ್ಟ ದಿನವೇ ಎಲ್ಲರಿಗೂ ತಲುಪುತ್ತದೆ ಎಂದುಕೊಳ್ಳಬೇಡಿ. ಒಂದು ತಿಂಗಳ ಹಿಂದಿನ ಆ್ಯಪ್ ಹಳೇ ರೂಪದಲ್ಲಿ ಕಳಿಸಿದರೂ ಸರ್ವರ್ ತೆಗೆದುಕೊಳ್ಳಬೇಕು. ಹಾಲು ತೆಗೆದುಕೊಳ್ಳುವ ನಡುವೆ ‘ಸ್ಕಿಪ್ ವೇಟಿಂಗ್’ (ಕಾಯದೆ ಹೊಸ ಆವೃತ್ತಿಗೆ ಜಿಗಿತ) ಮಾಡಿ ಆ್ಯಪ್ ಬದಲಿಸುವುದು ಬೇಡವೇ ಬೇಡ.

ಪರೀಕ್ಷೆಗೆ ಏರೋಪ್ಲೇನ್ ಮೋಡ್ ಸಾಲದು. ಅದು ಒಳ್ಳೆಯ, ಶುದ್ಧವಾದ ಸೋಲು. ನಿಮ್ಮ ನೋಡ್ ಕೋಡ್‌ನಲ್ಲಿ ಟೆಸ್ಟ್‌ಗೆಂದೇ ಒಂದು ಸ್ವಿಚ್ ಇಡಿ: ಕಮಿಟ್ ಆದ ಮೇಲೆ, ಉತ್ತರ ಕೊಡುವ ಮುಂಚೆ ಸಾಕೆಟ್, ಅಂದರೆ ಸಂಪರ್ಕ, ಕಡಿದುಹಾಕುವುದು. ಅದನ್ನು ಹಾಕಿಟ್ಟು ಇಪ್ಪತ್ತು ಎಂಟ್ರಿ ಮಾಡಿ. ಕೊನೆಗೆ ಸರ್ವರ್‌ನಲ್ಲಿ ಇಪ್ಪತ್ತೇ ಇರಬೇಕು, ಔಟ್‌ಬಾಕ್ಸ್ ಖಾಲಿಯಾಗಬೇಕು. ಟ್ಯಾಬ್ಲೆಟ್‌ನ ತಾರೀಕನ್ನು ಹಿಂದಕ್ಕೆ ಹಾಕಿ ಇನ್ನೊಮ್ಮೆ ಮಾಡಿ.

ಐಫೋನಿನ ಪ್ರಶ್ನೆ ಉಳಿಯಿತು. ಸರ್ವಿಸ್ ವರ್ಕರ್ ಕ್ರೋಮ್‌ಗೆ 2015ರಲ್ಲಿ ಬಂದರೆ ಐಫೋನಿಗೆ 2018ರಲ್ಲಿ ಐಒಎಸ್ 11.3ರ ಜೊತೆ ಬಂತು. ಹಾಗಾಗಿ ಓಡುವುದು ಓಡುತ್ತದೆ. ತೊಂದರೆ ಸಂಗ್ರಹದ್ದು. 2020ರಿಂದ ಸಫಾರಿಗೆ ಒಂದು ನಿಯಮವಿದೆ: ಬಳಕೆದಾರರು ಸಫಾರಿ ಬಳಸಿದ 7 ದಿನಗಳಲ್ಲಿ ನಿಮ್ಮ ತಾಣವನ್ನು ಒಮ್ಮೆಯೂ ಮುಟ್ಟದಿದ್ದರೆ ಇಂಡೆಕ್ಸ್ಡ್‌ಡಿಬಿ ಸಮೇತ ಎಲ್ಲ ಅಳಿಸಿಹೋಗುತ್ತದೆ. ನಮ್ಮಲ್ಲಿ ಸಿಗುವ ಐಫೋನಿನ ಕ್ರೋಮ್ ಒಳಗೂ ಇರುವುದು ಸಫಾರಿಯ ಎಂಜಿನ್ನೇ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ಆ್ಯಪ್ ಈ ನಿಯಮದಿಂದ ತಪ್ಪಿಸಿಕೊಳ್ಳುತ್ತದೆ, ಅದರ ಸಂಗ್ರಹವೂ ಸಫಾರಿಯದಕ್ಕಿಂತ ಬೇರೆ. ಆಂಡ್ರಾಯ್ಡ್‌ನಲ್ಲೂ ಜಾಗ ತುಂಬಿದಾಗ ಬ್ರೌಸರ್ ಅಳಿಸಬಹುದು. ಆ್ಯಪ್ ಇನ್‌ಸ್ಟಾಲ್ ಮಾಡಿಸಿ, ಸಂಗ್ರಹ ಅಳಿಸಬೇಡ ಎಂದು ಬ್ರೌಸರನ್ನು ಕೇಳುವ ‘ಸ್ಟೋರೇಜ್.ಪರ್ಸಿಸ್ಟ್’ ಕರೆದು, ಅದು ‘ಹೌದು’ ಎಂದಿದೆಯಾ ನೋಡಿ. ನನ್ನ ಸಲಹೆ ಕೇಳಿದರೆ ಹಾಲು ತೆಗೆದುಕೊಳ್ಳುವುದು ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲೇ ಇರಲಿ. ಐಫೋನ್ ಇರುವ ಸದಸ್ಯರು ತಮ್ಮ ಲೆಕ್ಕ ನೋಡಿಕೊಳ್ಳಲಿ. ನೋಡುವುದಕ್ಕೆ ಮಾತ್ರ ಆದರೆ ಅಳಿಸಿಹೋದರೂ ಚಿಂತೆಯಿಲ್ಲ, ಸರ್ವರ್‌ನಿಂದ ಮತ್ತೆ ಇಳಿಯುತ್ತದೆ.